ಇಪ್ಪತ್ತು ದಾಟದ ಚಂದ್ರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಲಾರಿ ಹಾರ್ನ್ ಹೊಡೆದದ್ದು ನಾನು. ಬಾಯಲ್ಲಿ.

ವನಗೂರಿನ ಮೇಲಿನ ತೋಟದ ರಸ್ತೆ. ಜೀಪ್ ಓಡಿಸುವವನು ಗೆಳೆಯ ಚಂದ್ರು. ಬೆಳಗ್ಗೆ ಕಾಫಿ ಕೊಯ್ಯುವ ಹೆಂಗಸರನ್ನು ಅವರ ಲೈನ್ ಮನೆಗಳಿಂದ ಮೇಲಿನ ತೋಟಕ್ಕೆ ಬಿಡುವುದು ಅವನ ಕೆಲಸ. ಹಿಂದೆ ಏಳು ಜನ, ಮುಂದೆ ಪುಕ್ಕಟೆ ನಾನು. ಅವನು ತೋಟದ ಸ್ಟೋರ್ ಹಿಂದೆ ನಿಂತು ಗಾಂಜಾ ಸೇದಿದ್ದನ್ನು ನೋಡಿದ್ದೆ. ಆದರೂ ಹತ್ತಿದೆ. (ಫ್ರಂಟ್ ಸೀಟ್ ಸಿಕ್ಕರೆ ನನ್ನ ಬುದ್ಧಿ ಹಿಂದಿನ ಸೀಟಿಗೆ ಹೋಗುತ್ತದೆ.)

"ಹಿಂಗೇ ಓಡಿಸ್ತೀಯೇನೋ?"

"ಎಣ್ಣೆ ಹಾಕ್ದೋನು ಹಾರಿಸ್ಕಂಡ್ ಹೋಯ್ತಾನೆ ಮಾರಾಯ. ಸೊಪ್ಪು ಸೇದ್ದೋನು ಇಪ್ಪತ್ತು ದಾಟಲ್ಲ. ಇದೇ ಸೇಫು ಕಣೋ. ಪೊಲೀಸ್ನೋರ ಮಿಷಿನ್ನಿಗೆ ಊದಿದ್ರೂ ಏನೂ ಬರಲ್ಲ."

ಮಿಷಿನ್ನಿಗೆ ಗೊತ್ತಾಗದಿದ್ದರೆ ಅಮಲೇ ಇಲ್ಲ. ಎಂಥ ಲಾಜಿಕ್! ಸೇದದೇ ಇದ್ದ ನನಗೂ ಅದು ಸರಿ ಅನ್ನಿಸಿತು.

"ನೋಡ್ಕಂಡ್ ಓಡ್ಸಪ್ಪ, ಮನೇಲಿ ಮಕ್ಳುಮರಿ ಅವೆ" ಎಂದರು ಹಿಂದಿನಿಂದ ಲಕ್ಷ್ಮಕ್ಕ. ಗುಂಪಿನಲ್ಲಿ ಅವರೇ ಹಿರಿಯರು.

ನಮ್ಮ ಕಡೆ ತಿರುವಿನಲ್ಲಿ ಹಾರ್ನ್ ಹೊಡೆಯಬೇಕು; ಆಚೆಯಿಂದ ಉತ್ತರ ಬಂದರೆ ಬದಿಗೆ ನಿಲ್ಲಬೇಕು. ರಸ್ತೆ ಇರುವುದೇ ಅಷ್ಟಗಲ. ಮೊದಲ ತಿರುವಿನಲ್ಲಿ ಚಂದ್ರು ಹಾರ್ನ್ ಹೊಡೆದ. ಉತ್ತರ ನಾನು ಕೊಟ್ಟೆ, ಸಾಕ್ಷಾತ್ ಲಾರಿಯ ದನಿಯಲ್ಲಿ. ಚಂದ್ರು ಜೀಪನ್ನು ಬದಿಗೆ ನಿಲ್ಲಿಸಿ ಭಕ್ತಿಯಿಂದ ಕಾದ. ಕಾದೇ ಕಾದ. ಹೆಂಗಸರು ಬಿದ್ದು ಬಿದ್ದು ನಕ್ಕರು. ಕಲಾವಿದನಿಗೆ ಇನ್ನೇನು ಬೇಕು?

ಎರಡನೇ ತಿರುವಿನಲ್ಲಿ ನಾನು ಸುಮ್ಮನಿದ್ದೆ. ಆದರೂ ಆಚೆಯಿಂದ ಹಾರ್ನ್ ಬಂತು.

"ಸಾಕ್ ಬಿಡೋ, ಗೊತ್ತಾಯ್ತು" ಎಂದು ನಗುತ್ತಲೇ ಚಂದ್ರು ಸ್ಟಿಯರಿಂಗ್ ತಿರುಗಿಸಿದ.

"ನಾನಲ್ಲ ಕಣೋ!"

ಎದುರಿಗೆ ಸಿಲ್ವರ್ ಓಕ್ ಮರದ ದಿಮ್ಮಿ ತುಂಬಿದ ಲಾರಿ. ಜೀಪ್ ನಿಧಾನವಾಗಿಯೇ ಇತ್ತು, ಸುಳ್ಳು ಹೇಳಬಾರದು. ಬ್ರೇಕಿಗೆ ಹೋಗಬೇಕಿದ್ದ ಕಾಲು ಅದಕ್ಕಿಂತ ನಿಧಾನವಾಗಿತ್ತು. ಅಂತೂ ನಿಂತಾಗ ಎಡಗಡೆಯ ಮುಂದಿನ ಚಕ್ರದ ಕೆಳಗೆ (ಅಂದರೆ ನನ್ನ ಕೆಳಗೆ) ರಸ್ತೆ ಇರಲಿಲ್ಲ. ಕಂದಕ ಇತ್ತು. ಲಕ್ಷ್ಮಕ್ಕನ ಹಣೆ ಕಂಬಿಗೆ ಬಡಿದು ರಕ್ತ ಬರುತ್ತಿತ್ತು. ಈಗ ಯಾರೂ ನಗಲಿಲ್ಲ.

ಎಲ್ಲರೂ ಒಬ್ಬೊಬ್ಬರಾಗಿ ಇಳಿದೆವು. ಲಾರಿಯ ಲೋಡಿಂಗ್‌ನವರು ಹಿಂದಿನಿಂದ ಹಗ್ಗ ಕಟ್ಟಿ ಜೀಪನ್ನು ರಸ್ತೆಗೆ ಎಳೆದರು. ಚಂದ್ರು ಮತ್ತೆ ಸೀಟಿಗೆ ಹತ್ತಿದ. ಈ ಸಲ ಫ್ರಂಟ್ ಸೀಟ್ ಖಾಲಿಯಿದ್ದರೂ ನಾನು ಹತ್ತಲಿಲ್ಲ.

"ಹತ್ತು ಲಕ್ಷ್ಮಕ್ಕ, ಏನಾಗಲ್ಲ. ಇನ್ನೂ ನಿಧಾನಕ್ಕೆ ಹೋಯ್ತೀನಿ."

ಲಕ್ಷ್ಮಕ್ಕ ಸೆರಗಿನಿಂದ ಹಣೆ ಒತ್ತಿಕೊಂಡು, ಬುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು ಏರು ಹತ್ತತೊಡಗಿದರು. ಉಳಿದ ಆರು ಜನ ಅವರ ಹಿಂದೆ. ತಿರುಗಿ ನೋಡದೆ ಅವರು ಹೇಳಿದ್ದು ಇಷ್ಟೇ:

"ನಿಧಾನಕ್ಕೆ ಹೋಗಕ್ಕೆ ನಿನ್ ಜೀಪ್ ಯಾಕ್ಲಾ? ನಮಗ್ ಕಾಲಿಲ್ವಾ?"