ಮಾವ್‌ಲಿನ್ ಮುಚ್ಚದೆ ಬಿಟ್ಟ ಬಾಗಿಲು

ಕೋ ಮಾವ್‌ಲಿನ್ ರೇಡಿಯೊ ರಿಪೇರಿಯವನು. ತೈನಾನ್ ಊರಿನ ಕಾಲುವೆಯ ಹತ್ತಿರ, ಮಾಜು ದೇವಿಯ ಗುಡಿಯ ಹಿಂದಿನ ಓಣಿಯಲ್ಲಿ, ಅಪ್ಪ ಕೂತಿದ್ದ ಸ್ಟೂಲಿನ ಮೇಲೇ ನಲವತ್ತು ವರ್ಷ ಕೂತವನು. ರೇಡಿಯೊ ಹೋಗಿ ಟೀವಿ ಬಂತು, ಟೀವಿಯ ಹಿಂದೆ ಕಂಪ್ಯೂಟರ್ ಬಂತು, ಸ್ಟೂಲು ಬದಲಾಗಲಿಲ್ಲ. ಕೆಟ್ಟಿದ್ದು ಎಲ್ಲಿ ಎಂದು ಹುಡುಕಲು ಅಪ್ಪ ಕಲಿಸಿದ ದಾರಿಯೂ ಬದಲಾಗಲಿಲ್ಲ. ಮೊದಲು ಎಲ್ಲವನ್ನೂ ತೆರೆದು ನೋಡು, ಕೆಲಸ ಮಾಡಿದರೆ ಒಂದೊಂದಾಗಿ ಮುಚ್ಚುತ್ತಾ ಬಾ.

ಸೋಮವಾರ, ಗುರುವಾರ ಮಧ್ಯಾಹ್ನ ಅಂಗಡಿಯ ಷಟರ್ ಎಳೆದು, ಗುಡಿಯ ಪಕ್ಕದ ಕೋಣೆಯಲ್ಲಿ ಹಳೆಯ ಹಾಡಿನ ಮೇಳಕ್ಕೆ ಬಿದಿರಿನ ಕೊಳಲು ಊದುತ್ತಿದ್ದ. ಮೇಳದಲ್ಲಿದ್ದವರೆಲ್ಲ ಅರವತ್ತು ದಾಟಿದವರು. ಅವರ ಗುರುಗಳ ಕಾಲದ ಹಾಡುಗಳಿದ್ದ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯುತ್ತಿತ್ತು. ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಏಳು ಮನೆಗಳಲ್ಲಿ ಹಂಚಿಕೆಯ ಒಂದು ಪ್ರೋಗ್ರಾಂ ಹಾಕಿಕೊಡೋಣ ಎಂದವನು ಮಾವ್‌ಲಿನ್. ಒಂದು ಮನೆಯಲ್ಲಿದ್ದ ಹಾಡನ್ನು ಉಳಿದ ಆರು ಮನೆಯವರೂ, ಆ ಪ್ರೋಗ್ರಾಂ ಇರುವ ಹೊರಗಿನವರೂ ಹುಡುಕಿ ಇಳಿಸಿಕೊಳ್ಳಬಹುದು; ಒಬ್ಬರು ಹೋದರೂ ಹಾಡು ಹೋಗುವುದಿಲ್ಲ.

ಆರು ಮನೆಗಳಲ್ಲಿ ಅವನು ಕೆಲಸವನ್ನು ಪೂಜೆಯಷ್ಟು ನೇಮದಿಂದ ಮಾಡಿದ. ಇಂಟರ್‌ನೆಟ್ ತರುವ ರೌಟರಿನಲ್ಲಿ, ಹೊರಗಿನವರು ಒಳಬರಲು ಒಂದೇ ಒಂದು ಬಾಗಿಲು, ಅದೂ ಮನೆಯ ಒಂದೇ ಕಂಪ್ಯೂಟರಿಗೆ. ಹಂಚುವುದಕ್ಕೆ ಹಾಡುಗಳ ಫೋಲ್ಡರ್ ಒಂದೇ. ರೌಟರ್ ಜೊತೆ ಬಂದ ಪಾಸ್‌ವರ್ಡ್ ತೆಗೆದು ಹೊಸದು. ಸಂಪರ್ಕ ಸಿಕ್ಕಿ ಪ್ರೋಗ್ರಾಮಿನ ಮೂಲೆಯ ಪುಟ್ಟ ದೀಪ ಹಳದಿಯಿಂದ ಹಸಿರಿಗೆ ತಿರುಗಿದ ಮೇಲೇ ಎದ್ದು ಬರುತ್ತಿದ್ದ.

ಏಳನೆಯದು ಬಿಲಿಯಾನ್ ಅತ್ತಿಗೆಯ ಮನೆ. ಅವಳ ಗಂಡ ತ್ಯೆನ್‌ಚಿ ಮೇಳದ ಹಾಡುಗಾರ, ಮಾವ್‌ಲಿನ್‌ಗೆ ಒಡಹುಟ್ಟದ ಅಣ್ಣ. ತೀರಿಕೊಂಡು ಆಗಿನ್ನೂ ಅರ್ಧ ವರ್ಷವಾಗಿತ್ತು. ಆ ಮನೆಯಲ್ಲಿ ದೀಪ ಹಳದಿಯಾಗಿ ಕೂತಿದ್ದು ಕೂತೇ ಇತ್ತು. ಎರಡು ಗಂಟೆ ಒದ್ದಾಡಿದ. ಒಳಗಿನಿಂದ ಮೀನಿನ ಗಂಜಿಯ ಘಮ ಬರುತ್ತಿತ್ತು.

"ಇನ್ನೂ ಹಳದೀನಾ?" ಅತ್ತಿಗೆ ಸೌಟು ಹಿಡಿದೇ ಇಣುಕಿದಳು. "ನಿಮ್ಮಣ್ಣನೂ ಹೀಗೇ, ಹಸಿದಾಗ ಯಾವುದೂ ಕೈಗೆ ಹತ್ತುತ್ತಿರಲಿಲ್ಲ. ಮೊದಲು ಉಣ್ಣು ಬಾ."

ಮಾವ್‌ಲಿನ್ ಅಪ್ಪನ ದಾರಿ ಹಿಡಿದ. ರೌಟರಿನ ಎಲ್ಲ ಬಾಗಿಲುಗಳನ್ನೂ ಆ ಕಂಪ್ಯೂಟರಿಗೆ ತೆರೆದ. ಹಂಚಿಕೆಗೆ ಹಾಡಿನ ಫೋಲ್ಡರಿನ ಬದಲು ಇಡೀ ಡಿಸ್ಕನ್ನೇ ಕೊಟ್ಟ. ದೀಪ ತಟ್ಟನೆ ಹಸಿರಾಯಿತು. ಇನ್ನು ಒಂದೊಂದಾಗಿ ಮುಚ್ಚಬೇಕು. ಅಷ್ಟರಲ್ಲಿ ಬಟ್ಟಲು ಮೇಜಿಗೆ ಬಂತು, ತ್ಯೆನ್‌ಚಿಯ ಮಾತು ಬಂತು, ಅತ್ತಿಗೆ ಅತ್ತಳು, ಅವನೂ ಅತ್ತ. ಗುರುವಾರ ಬಂದು ಮುಚ್ಚುತ್ತೇನೆ ಅಂದುಕೊಂಡು ಮನೆಗೆ ಹೋದ. ಆ ಗುರುವಾರ ಬರಲಿಲ್ಲ.

ಮರೆತಿದ್ದ ಎಂದರೆ ಸುಳ್ಳು. ಕೊಳಲು ಊದುವಾಗ ಎಷ್ಟೋ ಸಲ ನೆನಪಾಗಿ ಬೆರಳು ತಪ್ಪುತ್ತಿತ್ತು. ಆದರೆ ಹೋಗಿ ಮುಚ್ಚಬೇಕಾದರೆ, ಇಷ್ಟು ದಿನ ತೆರೆದಿತ್ತು ಎಂದೂ ಹೇಳಬೇಕಲ್ಲ. ಹಾಗೇ ಹತ್ತು ತಿಂಗಳು ಕಳೆಯಿತು.

ಮೇ ತಿಂಗಳ ಮಳೆಯಲ್ಲಿ ಸಿಡಿಲೊಂದು ಓಣಿಗೆ ಹೊಡೆಯಿತು. ಮರುದಿನ ಬೆಳಿಗ್ಗೆ ಬಿಲಿಯಾನ್ ಅತ್ತಿಗೆ ಕಂಪ್ಯೂಟರಿನ ಡಬ್ಬವನ್ನು ಟವೆಲ್ಲಿನಲ್ಲಿ ಸುತ್ತಿ, ಸ್ಕೂಟರಿನ ಮುಂದೆ ಇಟ್ಟುಕೊಂಡು ಅಂಗಡಿಗೆ ಬಂದಳು.

"ಏನಾದರೂ ಮಾಡು ಮಾವ್‌ಲಿನ್. ನಿಮ್ಮಣ್ಣನ ದನಿ ಇದರಲ್ಲೇ ಇದೆ. ಹಾಸಿಗೆ ಹಿಡಿದ ಮೇಲೆ ನನಗೇಂತ ಮಾತಾಡಿ ಇಟ್ಟಿದ್ದರು. ದಿನಾ ಬೆಳಿಗ್ಗೆ ಅವರ ಫೋಟೋ ಮುಂದೆ ಚಹಾ ಇಟ್ಟು ಒಂದೊಂದು ಕೇಳ್ತೀನಿ."

ಅಂಥದ್ದೊಂದು ಅದರಲ್ಲಿ ಇದೆ ಎಂದು ಅವನಿಗೆ ಗೊತ್ತಿರಲಿಲ್ಲ.

"ಏನಂತ ಹೆಸರಿಟ್ಟಿದ್ದರು, ಅತ್ತಿಗೆ?"

"'ಬಿಲಿಯಾನ್‌ಗೆ' ಅಂತ. ಒಂದು, ಎರಡು, ಮೂರು... ಹತ್ತೊಂಬತ್ತು ಇವೆ."

ಡಿಸ್ಕು ಸುಟ್ಟು ಕರಕಲಾಗಿತ್ತು. ಅದರಿಂದ ಒಂದು ಅಕ್ಷರವೂ ಬರುವಂತಿರಲಿಲ್ಲ. ಅವಳು ಹೋದ ಮೇಲೆ ಮಾವ್‌ಲಿನ್ ತನ್ನ ಕಂಪ್ಯೂಟರಿನಲ್ಲಿ ಆ ಪ್ರೋಗ್ರಾಂ ತೆರೆದು, ಹುಡುಕುವ ಜಾಗದಲ್ಲಿ ಅತ್ತಿಗೆಯ ಹೆಸರು ಬರೆದ. ಸಿಗದಿರಲಿ ತಾಯಿ ಎಂದು ಮಾಜುವನ್ನು ಬೇಡಿದ. ಮರುಕ್ಷಣವೇ, ಸಿಗಲಿ ತಾಯಿ ಎಂದೂ ಬೇಡಿದ.

ಹತ್ತೊಂಬತ್ತೂ ಸಿಕ್ಕವು. ಹನ್ನೊಂದು ಮಂದಿಯ ಯಂತ್ರಗಳಲ್ಲಿ ಇದ್ದವು. ಯಾರೋ, ಯಾವ ಊರಿನವರೋ. ಹಾಡೆಂದುಕೊಂಡು ಇಳಿಸಿಕೊಂಡವರೂ ಇರಬಹುದು, ಕೇಳಿ ನಕ್ಕವರೂ ಇರಬಹುದು. ಎಲ್ಲವನ್ನೂ ಇಳಿಸಿಕೊಂಡ. ಸರಿಯಾಗಿದೆಯೋ ನೋಡಲು ಒಂದನ್ನು ಒತ್ತಿದ. ತ್ಯೆನ್‌ಚಿಯ ಏದುಸಿರು ಕೇಳಿಸಿತು. "ಬಿಲಿಯಾನ್, ಇದನ್ನ ಯಾರಿಗೂ ಹೇಳಬೇಡ..." ಮಾವ್‌ಲಿನ್ ಥಟ್ಟನೆ ನಿಲ್ಲಿಸಿ, ಆ ಅಣ್ಣನೇ ಎದುರಿಗೆ ಬಂದು ನಿಂತ ಹಾಗೆ ಎದ್ದು ನಿಂತ.

ಹೊಸ ಡಿಸ್ಕು ಹಾಕಿ, ಅದರಲ್ಲಿ ಹತ್ತೊಂಬತ್ತನ್ನೂ ಇಟ್ಟು, "ಸುಟ್ಟದ್ದರಿಂದ ತೆಗೆದೆ" ಎಂದರೆ ಮುಗಿಯಿತು. ಯಾರೂ ಕೇಳುವುದಿಲ್ಲ. ಮೇಳದಲ್ಲಿ ಹೊಗಳಿಕೆ ಬೇರೆ. ಡಿಸ್ಕನ್ನೇನೋ ಹಾಗೇ ಹಾಕಿಟ್ಟ, ಆದರೆ ಆ ಹೊಗಳಿಕೆಯನ್ನು ನೆನೆಯಲಾರದೆ ಷಟರ್ ಎಳೆದ.

ಮಧ್ಯಾಹ್ನ ಗುಡಿಗೆ ಹೋದ. ಅಗರಬತ್ತಿ ಹಚ್ಚಿ, ದೇವಿಯ ಉತ್ತರ ತಿಳಿಯಲು ಹಾಕುವ ಅರ್ಧಚಂದ್ರದಂಥ ಎರಡು ಕೆಂಪು ಮರದ ತುಂಡುಗಳನ್ನು ಕೈಯಲ್ಲಿ ಹಿಡಿದು ಮಂಡಿಯೂರಿದ. ಹೇಳದೆ ಇದ್ದರೆ ಅತ್ತಿಗೆಗೇ ಒಳ್ಳೆಯದಲ್ಲವೆ, ತಾಯಿ? ತುಂಡುಗಳನ್ನು ನೆಲಕ್ಕೆ ಹಾಕಿದ. ಎರಡೂ ಚಪ್ಪಟೆ ಮೈ ಮೇಲಾಗಿ ಬಿದ್ದವು; ಹೌದೂ ಅಲ್ಲ, ಇಲ್ಲವೂ ಅಲ್ಲ, ದೇವಿ ನಗುವ ಗುರುತು. ಮತ್ತೆ ಹಾಕಿದ. ಹಾಗೇ. ಮೂರನೇ ಸಲವೂ ಹಾಗೇ.

ಕಸ ಗುಡಿಸುತ್ತಿದ್ದ ಗುಡಿಯ ಹೌ ತಾತ ಪೊರಕೆಗೆ ಒರಗಿ ನಿಂತ. "ಮೂರು ಸಲವೂ ನಗ್ತಿದ್ದಾಳಲ್ಲೋ. ಏನು ಕೇಳಿದೆ?"

"ಏನೋ ಒಂದು, ತಾತ."

"ಉತ್ತರ ಗೊತ್ತಿಟ್ಟುಕೊಂಡು ಕೇಳಿದರೆ ನಗದೆ ಇನ್ನೇನು ಮಾಡ್ತಾಳೆ? ಏಳು, ಮಂಡಿ ನೋಯುತ್ತೆ. ಅಲ್ಲಿ ಗುಡಿಸಬೇಕು ನಾನು."

ಮಾವ್‌ಲಿನ್ ಡಬ್ಬ ಹೊತ್ತು ಅತ್ತಿಗೆಯ ಮನೆಗೆ ನಡೆದ. ಅವಳು ಬೂದುಗುಂಬಳದ ಪಾನಕ ಕೊಟ್ಟಳು. ಅವನು ಮುಟ್ಟಲಿಲ್ಲ. ಕಂಪ್ಯೂಟರ್ ಹಚ್ಚಿದ. ಹತ್ತೊಂಬತ್ತು ಹೆಸರುಗಳನ್ನು ನೋಡಿ ಅವಳು ಅಡುಗೆಯ ಏಪ್ರನ್ನನ್ನೇ ಎತ್ತಿ ಮುಖ ಮುಚ್ಚಿಕೊಂಡಳು.

"ತೆಗೆದೇಬಿಟ್ಟೆಯಲ್ಲ! ಸುಟ್ಟದ್ದರಿಂದ ತೆಗೆದೆಯಲ್ಲ! ನಾನು ಅಂದುಕೊಂಡಿದ್ದೆ, ಮಾವ್‌ಲಿನ್ ಒಬ್ಬನ ಕೈಲೇ ಆಗೋದು ಅಂತ."

"ಸುಟ್ಟದ್ದರಿಂದ ಅಲ್ಲ ಅತ್ತಿಗೆ." ಅವನು ನೆಲ ನೋಡಿಕೊಂಡೇ ಹೇಳಿದ. "ಹೊರಗಿನವರ ಹತ್ತಿರ ಇತ್ತು. ಹೋದ ವರ್ಷ ನಾನು ನಿಮ್ಮ ಮನೆಯ ಎಲ್ಲ ಬಾಗಿಲೂ ತೆರೆದಿಟ್ಟು ಊಟಕ್ಕೆ ಕೂತೆ. ಆಮೇಲೆ ಮುಚ್ಚಲಿಲ್ಲ. ಗೊತ್ತಿದ್ದೂ ಮುಚ್ಚಲಿಲ್ಲ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಎರಡನೇ ಸಲ ಬಿಡಿಸಿ ಹೇಳಬೇಕಾಯಿತು. ಎರಡನೇ ಸಲ ಇನ್ನೂ ಕಷ್ಟವಾಗಿತ್ತು.

"ಎಷ್ಟು ಜನ?"

"ಹನ್ನೊಂದು ಕಂಡರು. ಅವರಿಂದ ಇನ್ನೆಷ್ಟು ಕಡೆಗೆ ಹೋಗಿದೆಯೋ."

"ವಾಪಸ್ ತಗೊಳ್ಳೋಕಾಗಲ್ವಾ?"

"ಆಗಲ್ಲ ಅತ್ತಿಗೆ."

"ಬೆನ್ನು ಕೆರೆದುಕೊಡು ಅಂತ ಗೋಗರೆದಿದಾರೆ ಅದರಲ್ಲಿ," ಅಂದಳು ಅವಳು. "ಸಾಯೋ ಮನುಷ್ಯ ಹೆಂಡತಿ ಹತ್ತಿರ ಅಂದದ್ದು. ದೇಶವೆಲ್ಲ ಕೇಳಿರುತ್ತೆ." ನಗುವಿನ ಹಾಗಿದ್ದ ಅವಳ ದನಿ ಮಧ್ಯದಲ್ಲೇ ಮುರಿಯಿತು. "ನೀನು ಕೇಳಿದೆಯಾ?"

"ಒಂದು ಮಾತು. ಯಾರಿಗೂ ಹೇಳಬೇಡ ಅಂದರು. ನಿಲ್ಲಿಸಿದೆ."

ಅವಳು ಪಾನಕದ ಲೋಟವನ್ನು ಅವನ ಮುಂದಿನಿಂದ ತೆಗೆದಳು. ಒಳಗೆ ಹೋಗಿ ಚೆಲ್ಲಿದ ಸದ್ದು ಕೇಳಿಸಿತು. ಹೊರಟುಬಿಡಲೇ ಎಂದು ಅವನು ಎದ್ದ.

"ಕೂತ್ಕೋ. ಈಗ ಮುಚ್ಚು. ನಾನು ನೋಡ್ತೀನಿ."

ಅವನು ಮುಚ್ಚಿದ. ರೌಟರಿನಲ್ಲಿ ಎಲ್ಲ ಬಾಗಿಲನ್ನೂ ಮುಚ್ಚಿ, ಹಾಡುಗಳಿಗೆ ಬೇಕಾದ ಒಂದನ್ನೇ ಬಿಟ್ಟ. ಹಂಚಿಕೆಯಲ್ಲಿ ಹಾಡಿನ ಫೋಲ್ಡರ್ ಒಂದೇ. ಪ್ರತಿಯೊಂದಕ್ಕೂ "ಇದು ಯಾತಕ್ಕೆ?" ಎಂದು ಅವಳು ಕೇಳಿದಳು, ಅವನು ಹೇಳಿದ. ಒಂದು ಗಂಟೆ ಹಿಡಿಯಿತು. ಆ ದಿನವೂ ಇಷ್ಟೇ ಹಿಡಿಯುತ್ತಿತ್ತು. ದೀಪ ಹಳದಿಯಾಗಿ, ಮಿನುಗಿ, ಹಸಿರಾಯಿತು.

ಕೊನೆಗೆ ಹೊಸ ಪಾಸ್‌ವರ್ಡ್ ಬರೆಯುವ ಜಾಗ ಬಂತು. ಅವನ ಬೆರಳು ರೂಢಿಯಂತೆ ಮುಂದೆ ಹೋಯಿತು.

"ಕೈ ತೆಗಿ," ಅಂದಳು ಬಿಲಿಯಾನ್ ಅತ್ತಿಗೆ. "ನಾನು ಹಾಕ್ತೀನಿ. ನೀನು ಆ ಕಡೆ ತಿರುಗು."

ಮಾವ್‌ಲಿನ್ ತಿರುಗಿದ. ಆ ಕಡೆ ಗೋಡೆಯ ಮೇಲೆ ತ್ಯೆನ್‌ಚಿಯ ಫೋಟೋ ಇತ್ತು, ಅದರ ಮುಂದೆ ಬೆಳಗಿನ ಚಹಾ ಆರಿತ್ತು. ಅವನು ತಲೆ ತಗ್ಗಿಸಿದ. ಹಿಂದೆ ಅವಳು ಒಂದೇ ಬೆರಳಿನಲ್ಲಿ ನಿಧಾನವಾಗಿ ಒತ್ತುತ್ತಿದ್ದಳು. ಅಕ್ಷರಗಳು ಎಷ್ಟೆಂದು ಎಣಿಸಬಾರದೆಂದು ಅವನು ಮನಸ್ಸಿನಲ್ಲೇ ದೇವಿಯ ಹೆಸರು ಹೇಳುತ್ತಾ ನಿಂತ.