ಮುನ್ನೂರು ತಟ್ಟೆಗಳಿಗೆ ನಿಯಮ ಬರೆಯುವ ಚೀಟಿಯಕ್ಕ

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ಅಡುಗೆಮನೆಯ ಮೂಲೆಯಲ್ಲಿ ಪ್ರಿಂಟರ್ ಒಂದೇ ಸಮನೆ ಚೀಟಿ ಉಗುಳುತ್ತಿದೆ. ಹಾಸಿಗೆಗೊಂದು ಚೀಟಿ. ಯಾರಿಗೆ ಉಪ್ಪಿಲ್ಲದ ಗಂಜಿ, ಯಾರಿಗೆ ಬರೀ ಹಾಲು ಎಂದು ಅದನ್ನು ನೋಡಿಯೇ ತಟ್ಟೆ ತುಂಬಬೇಕು. ದೊಡ್ಡ ಅಡುಗೆಯವರು ಸೌಟು ಹಿಡಿದುಕೊಂಡೇ ಒಂದು ಚೀಟಿ ಓದುತ್ತಾರೆ, ಇನ್ನೊಂದು ಓದುತ್ತಾರೆ, ನಗುತ್ತಾರೆ.

"ಏನಮ್ಮಾ ಚೀಟಿಯಕ್ಕ, ಇಡೀ ಆಸ್ಪತ್ರೆಗೇ ಉಪವಾಸ ಹಾಕ್ಬಿಟ್ಟಿದ್ದೀಯಲ್ಲ! ಒಲೆ ಆರಿಸಿ ನಾನೂ ಮನೆಗೆ ಹೋಗ್ಲಾ?"

ಚೀಟಿಯಕ್ಕ ಅವರ ಕೈಯಿಂದ ಚೀಟಿ ಕಿತ್ತುಕೊಳ್ಳುತ್ತಾರೆ. "ಬಾಯಿಗೆ ಏನೂ ಕೊಡಬೇಡಿ." ಮುಂದಿನದರಲ್ಲೂ ಅದೇ. ಅದರ ಮುಂದಿನದರಲ್ಲೂ ಅದೇ.

ಐವತ್ತರ ಆಸುಪಾಸಿನ ಇವರು ಇಲ್ಲಿಗೆ ಬಂದದ್ದು ಪಾತ್ರೆ ತೊಳೆಯಲು. ಆಮೇಲೆ ವರ್ಷಗಟ್ಟಲೆ ತಟ್ಟೆಗಳ ಗಾಡಿ ತಳ್ಳಿದರು. ಮಂಡಿ ಕೈಕೊಟ್ಟ ಮೇಲೆ ಕಂಪ್ಯೂಟರಿನ ಮುಂದೆ ಕೂರಿಸಿದರು. "ಮೊದಮೊದಲು ಮೌಸ್ ಮುಟ್ಟೋಕೂ ಹೆದರಿಕೆ. ಮಗಳು ಬೈದು ಬೈದು ಕಲಿಸಿದ್ಲು."

ಈಗ ಅವರ ಕೆಲಸ ನಿಯಮ ಬರೆಯುವುದು. ಬರೆಯುವುದೆಂದರೆ ತುಂಬುವುದು. ಕಂಪ್ಯೂಟರಿನಲ್ಲಿ ಒಂದು ವಾಕ್ಯ ಅರ್ಧ ಸಿದ್ಧವಾಗಿದೆ: "ರೋಗಿ ಇಂಥ ವಾರ್ಡಿನಲ್ಲಿದ್ದರೆ, ಇಂಥ ಹೊತ್ತಿಗೆ, ಇಂಥದ್ದು ಕೊಡಬೇಡ." 'ಇಂಥ' ಇರುವ ಕಡೆಯೆಲ್ಲ ಖಾಲಿ ಜಾಗ. ಇವರು ಕೋಷ್ಟಕದಲ್ಲಿ ಸಾಲು ಸಾಲಾಗಿ ತುಂಬುತ್ತ ಹೋದರೆ ಯಂತ್ರ ಸಾಲಿಗೊಂದು ನಿಯಮ ಮಾಡಿಕೊಳ್ಳುತ್ತದೆ. "ನಮ್ಮಪ್ಪ ಇಟ್ಟಿಗೆ ಹೊಯ್ತಿದ್ರು. ಅಚ್ಚು ಒಂದೇ, ಮಣ್ಣು ಹಾಕ್ದಷ್ಟೂ ಇಟ್ಟಿಗೆ. ಇದೂ ಹಾಗೇ."

ಆದರೆ ಈ ಅಚ್ಚಿಗೊಂದು ಗುಣವಿದೆ. ಯಾವ ಜಾಗ ಖಾಲಿಯೋ ಅದನ್ನು ಯಂತ್ರ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವಾರ್ಡಿನ ಹೆಸರು ಇಲ್ಲದಿದ್ದರೆ 'ಯಾವ ವಾರ್ಡಿಗೂ ಅಲ್ಲ' ಎಂದಲ್ಲ, 'ಎಲ್ಲ ವಾರ್ಡಿಗೂ' ಎಂದು. ಹೊಸಬರಿಗೆ ಚೀಟಿಯಕ್ಕ ಮೊದಲ ದಿನವೇ ಹೇಳಿಕೊಡುವ ಪಾಠ ಇದು.

ನಿನ್ನೆ ಅವರದೇ ಕೈ ತಪ್ಪಿದೆ. ಸುಣ್ಣ ಬಣ್ಣವೆಂದು ಆಪರೇಷನ್ ಆಗಬೇಕಾದವರನ್ನು ಮೂರನೇ ಮಹಡಿಗೆ ಸಾಗಿಸಿದ್ದರು. ಬೆಳಗ್ಗೆ ಹೊಟ್ಟೆ ಖಾಲಿ ಇರಬೇಕಾದವರು ಅವರು. ಹಳೆಯ ವಾರ್ಡಿನ ಹೆಸರು ಅಳಿಸಿ ಹೊಸದನ್ನು ಒತ್ತುವಷ್ಟರಲ್ಲಿ ಫೋನ್ ಬಂತು. ಗಂಜಿ ಸಪ್ಪೆ ಎಂದು ಯಾರೋ ರೇಗಿದರು. ಫೋನ್ ಇಟ್ಟವರೇ ಚೀಟಿಯಕ್ಕ ಹೊಸ ಹೆಸರು ಹಾಕದೆಯೇ ನಿಯಮವನ್ನು ಕಂಪ್ಯೂಟರಿನಲ್ಲಿ ಉಳಿಸಿ ಎದ್ದುಬಿಟ್ಟರು.

ಈಗ ಅವರು ವಾರ್ಡಿಗೆ ಫೋನ್ ಮಾಡುತ್ತಾರೆ. "ಸಿಸ್ಟರ್, ಸಕ್ಕರೆ ಕಾಯಿಲೆಯವರಿಗೆ ಇಂಜೆಕ್ಷನ್ ಆಯ್ತಾ?"

"ಆಗಿ ಎಷ್ಟೊತ್ತಾಯ್ತು! ತಟ್ಟೆ ಎಲ್ರೀ?"

ಇಂಜೆಕ್ಷನ್ ಆದ ಮೇಲೆ ಹೊಟ್ಟೆಗೆ ಏನೂ ಬೀಳದಿದ್ದರೆ ಮನುಷ್ಯ ಕುಸಿದೇ ಬೀಳುತ್ತಾನೆ. ದೊಡ್ಡ ಅಡುಗೆಯವರ ನಗು ಅಲ್ಲಿಗೇ ನಿಲ್ಲುತ್ತದೆ.

"ಅಣ್ಣಾ, ಚೀಟಿ ಬಿಸಾಕಿ. ಹಾಲು, ಬ್ರೆಡ್ಡು, ಮೊದಲು ಸಕ್ಕರೆ ವಾರ್ಡಿಗೆ! ಮೂರನೇ ಮಹಡಿಗೆ ಮಾತ್ರ ಒಂದು ತುತ್ತೂ ಹೋಗಬಾರದು!"

ಗಾಡಿ ತಳ್ಳುವವರು ಇನ್ನೂ ಬಂದಿಲ್ಲ. ಮಂಡಿನೋವಿನ ಚೀಟಿಯಕ್ಕನೇ ತಳ್ಳುತ್ತಾರೆ. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ಅಜ್ಜ ಬೆವೆತು ಹೋಗಿದ್ದಾರೆ. ಲೋಟ ಹಿಡಿಯಲೂ ಆಗದಷ್ಟು ಕೈ ನಡುಕ. ಸಿಸ್ಟರ್ ತಲೆ ಎತ್ತಿ ಹಿಡಿಯುತ್ತಾರೆ, ಚೀಟಿಯಕ್ಕ ಸಕ್ಕರೆ ಕದಡಿದ ಹಾಲನ್ನು ಗುಟುಕು ಗುಟುಕಾಗಿ ಕುಡಿಸುತ್ತಾರೆ. ಸ್ವಲ್ಪ ಹೊತ್ತಿಗೆ ಅಜ್ಜನ ನಡುಕ ಇಳಿಯುತ್ತದೆ.

"ನನ್ನೊಬ್ಬನ್ನ ಮರ್ತ್ರೇನೋ ಅಂದ್ಕೊಂಡೆ, ತಾಯಿ."

ಚೀಟಿಯಕ್ಕ ಹೊರಗೆ ಬಂದು ದೊಡ್ಡ ಸಿಸ್ಟರಿಗೆ ಹೇಳುತ್ತಾರೆ: "ಮೆಷಿನ್ನು ಕೆಟ್ಟಿಲ್ಲ. ನಾನೇ ಖಾಲಿ ಬಿಟ್ಟೆ."

ಚೀಟಿಯಕ್ಕನ ಕೆಲಸ ಹೋಗಿಲ್ಲ. ಆದರೆ ನಿಯಮ ಉಳಿಸುವ ಮುನ್ನ ಈಗ ದೊಡ್ಡ ಅಡುಗೆಯವರು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ಚೀಟಿಯಕ್ಕ ಸಾಲು ಓದುತ್ತಾರೆ, ಅಡುಗೆಯವರು ಪ್ರತಿ ಸಾಲಿಗೂ ಕೇಳುತ್ತಾರೆ: "ಇದು ಯಾರಿಗಮ್ಮ?" ಆಕಳಿಸುತ್ತಾರೆ, ಗೊಣಗುತ್ತಾರೆ, ಆದರೂ ಬಿಡದೆ ಕೇಳುತ್ತಾರೆ.

"ಮೆಷಿನ್ನೂ ಹೀಗೆ ಕೇಳೋ ಹಾಗೆ ಮಾಡಿಕೊಡಿ ಅಂತ ಕಂಪ್ಯೂಟರಿನವರಿಗೆ ಹೇಳಿದ್ದೀನಿ," ಎನ್ನುತ್ತಾರೆ ಚೀಟಿಯಕ್ಕ. "ಖಾಲಿ ಇದೆಯಲ್ಲ, ಎಲ್ಲರಿಗೂನಾ ಅಂತ. ಅವತ್ತು ಒಂದೇ ಒಂದ್ಸಲ ಕೇಳಿದ್ರೂ, ಅಯ್ಯೋ ಇಲ್ಲಪ್ಪ ಅಂತಿದ್ದೆನಲ್ಲ ನಾನು."