ನಾಲ್ಕು ಹೆಜ್ಜೆ ದೂರದ ಕಿಟಕಿ

ಬೀದಿಯವರೆಲ್ಲ ಅವರನ್ನು ಇಂಚುಪಟ್ಟಿ ಎಂದೇ ಕರೆಯುತ್ತಿದ್ದರು. ಎದುರಿಗೆ ಮಾತ್ರ ‘ಇಂಚುಪಟ್ಟಿಯವರೇ’ ಎಂದು ಒಂದಿಷ್ಟು ಮರ್ಯಾದೆ ಸೇರಿಸುತ್ತಿದ್ದರು, ಅಷ್ಟೇ. ಅಂಗಿ ಜೇಬಿನಲ್ಲಿ ಪೆನ್ನು ಇರಲಿ ಬಿಡಲಿ, ಸುರುಳಿ ಸುತ್ತಿದ ಟೇಪು ಇರಲೇಬೇಕು. ಯಾರ ಮನೆಗೆ ಹೊಸ ಮಂಚ ಬಂದರೂ ಅದು ಬಾಗಿಲಲ್ಲಿ ನುಗ್ಗುತ್ತದೋ ಇಲ್ಲವೋ ನೋಡಲು ಮೊದಲು ಇವರಿಗೆ ಕರೆ ಬರುತ್ತಿತ್ತು. ‘ಅರ್ಧ ಇಂಚು ಸಾಲದು, ಕಾಲು ಬಿಚ್ಚಿ’ ಎಂದು ಇವರು ಹೇಳಿದ ಮೇಲೂ ಹಠ ಹಿಡಿದು ತುರುಕಿದವರು ಗೋಡೆಯ ಸುಣ್ಣ ಕಿತ್ತುಕೊಂಡು ಬುದ್ಧಿ ಕಲಿಯುತ್ತಿದ್ದರು. ಇಷ್ಟು ಕಟ್ಟುನಿಟ್ಟಿನ ಮನುಷ್ಯ ತಮ್ಮ ಕಾಲಿಗೆ ಮಾತ್ರ ಒಂದು ಬೆರಳು ದೊಡ್ಡದಾದ ಚಪ್ಪಲಿ ಹಾಕಿಕೊಂಡು ಟಪಟಪ ಎಂದು ನಡೆಯುತ್ತಿದ್ದರು. ಬೂಟಂತೂ ಅವರ ಮನೆಯಲ್ಲೇ ಇರಲಿಲ್ಲ. ಊರಿನ ಅಳತೆಯೆಲ್ಲ ಗೊತ್ತು, ತಮ್ಮ ಪಾದದ್ದೊಂದು ಬಿಟ್ಟು ಎಂದು ಜನ ನಗುತ್ತಿದ್ದರು. ಅವರೂ ಜೊತೆಗೆ ನಗುತ್ತಿದ್ದರು.

ಕೆಲಸದಲ್ಲಿದ್ದಾಗ ಅವರು ಉಗಿ ಎಂಜಿನ್ನುಗಳ ಶೆಡ್ಡಿನಲ್ಲಿ ಪಾಯಿಂಟ್ಸ್‌ಮನ್. ರೈಲು ಎಳೆದು ಸುಸ್ತಾಗಿ ಬಂದ ಎಂಜಿನ್ನುಗಳು ಅಲ್ಲಿ ಬೂದಿ ಸುರಿದು, ನೀರು ಕುಡಿದು, ಕಲ್ಲಿದ್ದಲು ತುಂಬಿಸಿಕೊಂಡು, ತಿರುಗುವ ಹಳಿಯ ಮೇಲೆ ಮೂತಿ ತಿರುಗಿಸಿಕೊಂಡು ಮತ್ತೆ ಹೊರಡುತ್ತಿದ್ದವು. ಯಾವುದು ಯಾವ ಹಳಿಗೆ ಹೋಗಬೇಕೆಂದು ಲಿವರ್ ಎಳೆಯುವುದು ಇವರ ಕೆಲಸ. ಮಹಡಿಯ ಮೇಲೆ ಒಂದು ಮರದ ಕೋಣೆ, ಹನ್ನೆರಡು ಲಿವರು, ಕೂರಲು ಒಂದು ಸ್ಟೂಲು, ಕೊನೆಯಲ್ಲಿ ಒಂದು ಕಿಟಕಿ. ಅವರ ತಂಗಿಯ ಗಂಡನಿಗೂ ಅದೇ ಶೆಡ್ಡಿನಲ್ಲಿ ಕೆಲಸ, ಕೆಳಗೆ ಬೂದಿ ಗುಂಡಿಯಲ್ಲಿ. ಎಂಜಿನ್ ಬಂದು ಗುಂಡಿಯ ಮೇಲೆ ನಿಂತು ಬೂದಿ ಉದುರಿಸಿ ಹೋದ ಮೇಲೆ ಆತ ಒಳಗಿಳಿದು ಅದನ್ನು ಸಲಿಕೆಯಿಂದ ಎತ್ತಿ ಹಾಕಬೇಕು. ಭಾವ ಮೇಲೆ ಬಂದರೆ ಕಣ್ಣು ಹಲ್ಲು ಬಿಟ್ಟು ಉಳಿದದ್ದೆಲ್ಲ ಬೂದಿ ಬಣ್ಣ.

ಆ ಭಾವ ಸತ್ತು ಇಪ್ಪತ್ತೊಂಬತ್ತು ವರ್ಷವಾಗಿತ್ತು. ಗುಂಡಿಯಿಂದ ಹತ್ತಿ ಬರುವಾಗ, ಹಿಮ್ಮುಖವಾಗಿ ಬಂದ ಎಂಜಿನ್ನಿಗೆ ಸಿಕ್ಕಿದ್ದು. ಆಗ ತಂಗಿಗೆ ಏಳು ತಿಂಗಳು. ಇಂಚುಪಟ್ಟಿಯವರು ಅವಳನ್ನು ತಮ್ಮ ಮನೆಗೆ ಕರೆತಂದರು, ಹುಟ್ಟಿದ ಮಗುವನ್ನು ಎತ್ತಿ ಆಡಿಸಿದರು, ತಮ್ಮ ಮದುವೆಯ ಮಾತೆತ್ತಿದವರ ಬಾಯಿ ಮುಚ್ಚಿಸಿದರು. ಆ ಮಗುವೇ ಪುಟ್ಟಿ. ಈಗ ಅವಳು ಊರಿನ ಇನ್ನೊಂದು ತುದಿಯಲ್ಲಿ, ಕನ್ನಡಕದಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುತ್ತಾಳೆ. ಭಾನುವಾರ ಮನೆಗೆ ಬರುತ್ತಾಳೆ. ಪುಟ್ಟಿ ಎಂಬ ಹೆಸರಿಗೂ ಅವಳ ಎತ್ತರಕ್ಕೂ ಸಂಬಂಧವೇ ಇಲ್ಲ, ಹಿಂಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕು.

ಹಳೆಯ ಶೆಡ್ಡಿನ ಕೊನೆಯ ಗೋಡೆಯನ್ನೂ ಕೆಡವಿ ಅಲ್ಲಿ ಗೋದಾಮು ಕಟ್ಟುತ್ತಿದ್ದಾರೆ ಎಂದು ಸುದ್ದಿ ಬಂದ ವಾರ ಪುಟ್ಟಿ ಬಂದು ಮಾಮನ ಎದುರು ಕೂತಳು.

“ಮಾಮ, ಅಪ್ಪಂದು ಅಂತ ಇರೋದು ಒಂದೇ ಫೋಟೋ. ಅದೂ ಮದುವೇದು. ಹಾಕಿರೋ ಕೋಟೂ ಎರವಲಂತೆ. ಅವರು ದಿನಾ ನಿಂತು ಕೆಲಸ ಮಾಡಿದ ಜಾಗ ನಾನು ನೋಡೇ ಇಲ್ಲ, ಇನ್ನು ನೋಡೋಕೂ ಆಗಲ್ಲ. ನೀನು ಮಾಡಿಕೊಡು. ಚಿಕ್ಕದಾಗಿ, ಓಡೋ ರೈಲಿನ ಜೊತೆಗೆ. ಆದ್ರೆ ಅಳತೆ ಸರಿ ಇರ್ಬೇಕು.”

“ಅಳತೆ ತಪ್ಪಿದ್ರೆ ನಾನ್ಯಾಕೆ ಇರ್ಬೇಕು” ಎಂದರು ಇಂಚುಪಟ್ಟಿಯವರು. ಹೇಳಿದ ಮೇಲೆ ಆ ಮಾತು ಅವರ ಕಿವಿಗೇ ಚುಚ್ಚಿತು.

ಅಟ್ಟದ ಮೇಲಿದ್ದ ಹಳೆಯ ಬಾಗಿಲೊಂದನ್ನು ಇಳಿಸಿ, ಎರಡು ಬೆಂಚಿನ ಮೇಲೆ ಅಡ್ಡ ಹಾಕಿ, ಬಿಳಿ ಕಾಗದ ಅಂಟಿಸಿದರು. ಒಂದು ಅಡಿಗೆ ನಾಲ್ಕು ಮಿಲಿಮೀಟರ್ ಎಂದು ಲೆಕ್ಕ ಹಿಡಿದರು. ಅಂಗಡಿಯಲ್ಲಿ ಸಿಗುವ ಎಂಜಿನ್ನೂ ಹಳಿಯೂ ಆ ಅಳತೆಗೆ ಹೊಂದುತ್ತವೆ. ನಿವೃತ್ತಿಯ ದಿನ, ಹಾರ ಹಾಕಿದವರು ಅತ್ತ ತಿರುಗಿದ ಮೇಲೆ, ಅವರು ಟೇಪು ಹಿಡಿದು ಅಂಗಳವನ್ನೆಲ್ಲ ಅಳೆದು ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದರು. ಯಾಕೆ ಅಳೆಯುತ್ತಿದ್ದೇನೆಂದು ಆಗ ಅವರಿಗೇ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲ ಎಂದು ನಟಿಸಿದ್ದರು. ಆ ಬುಕ್ಕು ಈಗ ಕೆಲಸಕ್ಕೆ ಬಂತು.

ಆದರೆ ಬಾಗಿಲು ಕೈಕೊಟ್ಟಿತು. ಶೆಡ್ಡಿನ ಅಂಗಳ ಒಂಬೈನೂರು ಅಡಿ, ಬಾಗಿಲು ಏಳೇ ಅಡಿ. ಲೆಕ್ಕ ಹಾಕಿದರೆ ಅಂಗಳದ ಮುಕ್ಕಾಲು ಭಾಗವೂ ಹಿಡಿಸುವುದಿಲ್ಲ. ಏನನ್ನಾದರೂ ಕುಗ್ಗಿಸಬೇಕು. ರಟ್ಟಿನಲ್ಲಿ ಒಂದೊಂದೇ ತುಂಡು ಕತ್ತರಿಸಿದರು: ಇದು ನೀರಿನ ತೊಟ್ಟಿ, ಇದು ಮರಳು ಕೋಣೆ, ಇದು ಎಂಜಿನ್, ಇದು ಕಲ್ಲಿದ್ದಲು ತುಂಬುವ ಕಟ್ಟೆ. ಅವನ್ನು ಕಾಗದದ ಮೇಲೆ ಅತ್ತ ಸರಿಸಿ, ಇತ್ತ ಸರಿಸಿ, ಹೊಸ ಮನೆಗೆ ಸಾಮಾನು ಜೋಡಿಸುವ ಗೃಹಿಣಿಯಂತೆ ವಾರಗಟ್ಟಲೆ ತಲೆ ಕೆಡಿಸಿಕೊಂಡರು. ಉಗ್ರಾಣವನ್ನು ಮೊಟಕು ಮಾಡಿದರು, ನಾಲ್ಕು ಹಳಿಗಳಿದ್ದ ಕಡೆ ಎರಡೇ ಹಾಕಿದರು. ಒಂದನ್ನು ಮಾತ್ರ ಕೂದಲೆಳೆಯಷ್ಟೂ ಮುಟ್ಟಲಿಲ್ಲ. ಲಿವರ್ ಕೋಣೆಯ ಕಿಟಕಿಯಿಂದ ಬೂದಿ ಗುಂಡಿಯ ಬಾಯಿಗೆ ನೂರೈವತ್ತು ಅಡಿ. ಕಾಗದದ ಮೇಲೆ ಅರವತ್ತು ಸೆಂಟಿಮೀಟರ್.

ಅದು ಸರಿಯಿದೆಯೇ ಎಂದು ನೋಡಲು ತಂಗಿಯ ಹೊಲಿಗೆ ಡಬ್ಬಿಯಿಂದ ಕೆಂಪು ದಾರದುಂಡೆ ಎತ್ತಿಕೊಂಡು ಬಂದರು. ಕಿಟಕಿಯ ಜಾಗದಲ್ಲಿ ಒಂದು ಗುಂಡುಪಿನ್ನು, ಗುಂಡಿಯ ಬಾಯಲ್ಲಿ ಒಂದು. ನಡುವೆ ದಾರ ಬಿಗಿದರು. ದಾರ ನೆಟ್ಟಗೆ ನಿಂತಿತು. ಅಡ್ಡ ಏನೂ ಇರಲಿಲ್ಲ.

ಅವರು ಬಹಳ ಹೊತ್ತು ಆ ದಾರವನ್ನೇ ನೋಡುತ್ತ ನಿಂತರು. ಇಪ್ಪತ್ತೊಂಬತ್ತು ವರ್ಷದ ಹಿಂದೆ ವಿಚಾರಣೆಗೆ ಬಂದ ಮೂವರು ಅಧಿಕಾರಿಗಳ ಮುಂದೆ ಅವರು ಹೇಳಿದ್ದು ಬೇರೆ. ನಿಯಮ ಸರಳವಾಗಿತ್ತು. ಭಾವ ಗುಂಡಿಗೆ ಇಳಿದಾಗ ಗುಂಡಿಯ ಬಾಯಲ್ಲಿ ಕೆಂಪು ಬಾವುಟ ನೆಡುತ್ತಾನೆ. ಪಾಯಿಂಟ್ಸ್‌ಮನ್ ಲಿವರ್ ಎಳೆಯುವ ಮೊದಲು ಕಿಟಕಿಗೆ ಹೋಗಿ ಬಾವುಟ ಇದೆಯೇ ಎಂದು ನೋಡಬೇಕು. ‘ನೋಡಿದೆ ಸ್ವಾಮಿ. ಕಲ್ಲಿದ್ದಲು ಹಳಿಯ ಮೇಲೆ ಮೂರು ವ್ಯಾಗನ್ ನಿಂತಿದ್ದವು, ಅಡ್ಡ ಬಂದು ಬಾವುಟ ಕಾಣಲಿಲ್ಲ’ ಎಂದಿದ್ದರು. ದಿನಾ ಬಂದು ಹೋಗುವ ವ್ಯಾಗನ್ನುಗಳು ಆವತ್ತು ಎಲ್ಲಿದ್ದವೆಂದು ಯಾರಿಗೆ ನೆನಪು? ಅಧಿಕಾರಿಗಳು ಬರೆದುಕೊಂಡು ಹೋದರು. ಇನ್ನು ಮುಂದೆ ಅಲ್ಲಿ ವ್ಯಾಗನ್ ನಿಲ್ಲಿಸಕೂಡದು ಎಂದು ಬೋರ್ಡು ಬಂತು.

ನಿಜವೆಂದರೆ ಅವರು ಕಿಟಕಿಗೆ ಹೋಗಿರಲೇ ಇಲ್ಲ. ಆ ವಾರ ಕೊಟ್ಟಿದ್ದ ಹೊಸ ಬೂಟು ಹಿಮ್ಮಡಿ ಕಚ್ಚಿ ಗಾಯ ಮಾಡಿತ್ತು. ಬೂಟು ಕಳಚಿ ಸ್ಟೂಲಿನ ಮೇಲೆ ಕೂತಿದ್ದರು. ಲಿವರ್ ಕೈಗೆ ಸಿಗುವಷ್ಟು ಹತ್ತಿರ, ಕಿಟಕಿ ನಾಲ್ಕು ಹೆಜ್ಜೆ ದೂರ. ಇದು ಊಟದ ಹೊತ್ತು, ಗುಂಡಿಯಲ್ಲಿ ಯಾರಿರುತ್ತಾರೆ ಎಂದುಕೊಂಡು ಕೂತಲ್ಲಿಂದಲೇ ಎಳೆದು ಎಂಜಿನ್ನನ್ನು ಗುಂಡಿಯ ಹಳಿಗೆ ಬಿಟ್ಟರು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿ ಹುಡುಕಿ ಅವರೇ ಸೋತಿದ್ದರು.

ಈಗ ಅವರು ಮಾಡಿದ ಕೆಲಸ ಹೇಳಲು ನನಗೇ ನಾಚಿಕೆಯಾಗುತ್ತದೆ. ರಟ್ಟಿನಲ್ಲಿ ಮೂರು ವ್ಯಾಗನ್ ಕತ್ತರಿಸಿ ಡಬ್ಬಿಯಂತೆ ಮಡಚಿದರು. ಒಂದೊಂದು ಎಂಟು ಸೆಂಟಿಮೀಟರ್, ಅಳತೆಯಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಅವನ್ನು ಕಲ್ಲಿದ್ದಲು ಹಳಿಯ ಮೇಲೆ, ದಾರಕ್ಕೆ ಸರಿಯಾಗಿ ಅಡ್ಡ ಬರುವಂತೆ ಇಟ್ಟು, ‘ಇಲ್ಲಿ ಗೋಂದು’ ಎಂದು ಪೆನ್ಸಿಲಿನಲ್ಲಿ ಬರೆದರು. ಜಾಗ ಸಾಲದ್ದಕ್ಕೆ ಎಷ್ಟೋ ಸರಿಸಿಲ್ಲವೇ, ಇದೂ ಒಂದು ಎಂದು ತಮ್ಮನ್ನು ತಾವು ಸಮಾಧಾನ ಮಾಡಿಕೊಂಡರು.

ಭಾನುವಾರ ಪುಟ್ಟಿ ಬಂದು ಖುಷಿಯಿಂದ ಬಾಗಿಲಿನ ಸುತ್ತ ಎರಡು ಸುತ್ತು ಹಾಕಿದಳು. ಗುಂಡಿಯ ಬಾಯಲ್ಲಿ ಮಾಮ ಬೆಂಕಿಕಡ್ಡಿಯ ಮನುಷ್ಯನೊಬ್ಬನನ್ನು ನಿಲ್ಲಿಸಿದ್ದರು. ಅವಳು ಲಿವರ್ ಕೋಣೆಯ ಹತ್ತಿರ ಮಂಡಿಯೂರಿ, ಗಲ್ಲವನ್ನು ಹಲಗೆಗೆ ತಾಗಿಸಿ, ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುವ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದಳು.

“ಇಲ್ಲಿಂದ ಅಪ್ಪ ಕಾಣ್ಸೋದೇ ಇಲ್ಲ.”

“ಕಾಣ್ತಿರ್ಲಿಲ್ಲ” ಎಂದರು ಮಾಮ.

“ಈ ಮೂರು ಗಾಡಿಗಳನ್ನ ಓಡಿಸೋಕೂ ಆಗಲ್ವಾ? ಅಂಟಿಸ್ಲೇಬೇಕಾ?”

“ಅವು ಅಲ್ಲೇ ಇರ್ಬೇಕು.”

ಆವತ್ತು ವ್ಯಾಗನ್ ಅಡ್ಡ ಬಂದು ಬಾವುಟ ಕಾಣಲಿಲ್ಲ ಎಂಬ ಕಥೆ ಕೇಳಿಯೇ ಬೆಳೆದ ಅವಳು ಭುಜ ಕುಣಿಸಿ ಎದ್ದಳು. ಮಾಮನ ಅಳತೆಯ ಮೇಲೆ ಎದುರಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

ತಂಗಿ ಆ ಕೋಣೆಗೆ ಅದುವರೆಗೆ ಕಾಲಿಟ್ಟಿರಲಿಲ್ಲ. ಅಣ್ಣನಿಗೆ ಹುಚ್ಚು ಹಿಡಿದಿದೆ ಎಂದು ಹೊಸ್ತಿಲಿನಿಂದಲೇ ಚಹಾ ಚಾಚಿ ಹೋಗುತ್ತಿದ್ದಳು. ಮಂಗಳವಾರ ಮಧ್ಯಾಹ್ನ ಅವಳಿಗೆ ಕೆಂಪು ದಾರ ಬೇಕಾಯಿತು. ಡಬ್ಬಿಯಲ್ಲಿ ಇಲ್ಲ. ಹುಡುಕಿಕೊಂಡು ಒಳಗೆ ಬಂದಳು, ಕನ್ನಡಕ ಸರಿಮಾಡಿಕೊಂಡು ಬಾಗಿಲಿನ ಮೇಲೆ ಬಗ್ಗಿದಳು. ಬೆಂಕಿಕಡ್ಡಿಯ ಮನುಷ್ಯನ ಮೇಲೆ ಒಂದು ಕ್ಷಣ ಬೆರಳು ಆಡಿಸಿದಳು. ಆಮೇಲೆ ಅದೇ ಬೆರಳಿನಿಂದ ಮೂರು ವ್ಯಾಗನ್ನುಗಳನ್ನು, ಊಟದ ಮೇಜಿನಿಂದ ಚೂರುಗಳನ್ನು ತಳ್ಳುವಂತೆ, ಒಂದೊಂದಾಗಿ ಪಕ್ಕಕ್ಕೆ ಸರಿಸಿದಳು.

“ಇವು ಇಲ್ಲಿರ್ಲಿಲ್ಲ ಅಣ್ಣ.”

ಇಂಚುಪಟ್ಟಿಯವರು ಪೆನ್ಸಿಲ್ ಕೆಳಗಿಟ್ಟರು. “ಏನಂದೆ?”

“ಆವತ್ತು ಗೇಟಿನ ಕಡೆಯಿಂದ ಸುತ್ತಿ ಬರೋಕೆ ನನ್ನಿಂದ ಆಗ್ಲಿಲ್ಲ. ಏಳು ತಿಂಗಳ ಹೊಟ್ಟೆ. ಈ ಹಳಿ ದಾಟಿ ನೆಟ್ಟಗೆ ಬಂದೆ. ವ್ಯಾಗನ್ ಇದ್ದಿದ್ರೆ ಹೇಗೆ ದಾಟ್ತಿದ್ದೆ? ಅವರ ಕೈಗೆ ಊಟದ ಡಬ್ಬಿ ಕೊಟ್ಟೆ. ‘ನಿಮ್ಮಣ್ಣಂಗೂ ಕೈ ಮಾಡಿ ಹೋಗು, ಇಲ್ಲಾಂದ್ರೆ ಮುನಿಸ್ಕೊಳ್ತಾರೆ’ ಅಂದ್ರು. ಕಿಟಕಿ ಕಡೆ ಕೈ ಎತ್ತಿದೆ. ನೀನಿರ್ಲಿಲ್ಲ. ನೋಡಿದೆ, ನೋಡಿದೆ, ಕಿಟಕಿ ಖಾಲಿ ಇತ್ತು. ಗೇಟು ದಾಟೋ ಹೊತ್ತಿಗೆ ಕೂಗಾಟ ಕೇಳಿಸ್ತು.”

“ನಿಂಗೆ ಗೊತ್ತಿತ್ತಾ? ಇಷ್ಟು ವರ್ಷ?”

“ವಿಚಾರಣೇಲಿ ನೀನು ವ್ಯಾಗನ್ ಅಂದೆಯಲ್ಲ, ಆವತ್ತಿಂದ.”

“ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ? ಅವರು ಎದ್ದು ಬರ್ತಿದ್ರಾ? ಗಂಡ ಹೋಗಿದ್ರು. ಅಣ್ಣನೂ ಹೋದ್ರೆ ಹೊಟ್ಟೇಲಿರೋದನ್ನ ಇಟ್ಕೊಂಡು ನಾನು ಯಾರ ಮನೆ ಬಾಗಿಲಿಗೆ ಹೋಗ್ಲಿ? ಹೊಟ್ಟೆಗೆ ಹಾಕ್ಕೊಂಡೆ. ಮೊದಮೊದಲು ನಿನ್ನ ಮನೆ ತುತ್ತು ಗಂಟಲಲ್ಲಿ ಇಳೀತಿರ್ಲಿಲ್ಲ. ಆಮೇಲಾಮೇಲೆ ಇಳೀತು. ಅದು ಇಳೀತಲ್ಲ ಅಂತ ನನ್ನ ಮೇಲೇ ನಂಗೆ ಸಿಟ್ಟು.”

ಅವರು ಬೆಂಚಿನ ಅಂಚು ಹಿಡಿದು ಕೂತರು. ಬಾಯಿಂದ ಬಂದದ್ದು ಎರಡೇ ಮಾತು.

“ಬೂಟು ಕಚ್ಚಿತ್ತು.”

“ಏನು?”

“ಹೊಸ ಬೂಟು. ಕಾಲು ನೋಯ್ತಿತ್ತು. ಕಿಟಕಿವರೆಗೆ ಹೋಗ್ಲಿಲ್ಲ.”

ತಂಗಿ ಅವರ ಮುಖವನ್ನೇ ನೋಡಿದಳು. ಆಮೇಲೆ ಅವರ ದೊಡ್ಡ ಚಪ್ಪಲಿಗಳನ್ನು ನೋಡಿದಳು. “ನಾನು ಏನೇನೋ ಅಂದ್ಕೊಂಡಿದ್ದೆ” ಎಂದಳು. “ತಲೆ ತಿರುಗಿ ಬಿದ್ದಿದ್ಯೇನೋ, ಯಾರೋ ಕರೆದ್ರೇನೋ. ಇಷ್ಟು ವರ್ಷ ನಿನ್ನ ಪರವಾಗಿ ನಾನೇ ಏನೇನೋ ಕಟ್ಕೊಂಡೆ. ಬೂಟಾ ಅಣ್ಣ?”

ಆಗ ಅವಳು ಅತ್ತಳು. ಗಂಡ ಸತ್ತ ದಿನ ಅತ್ತಿದ್ದಕ್ಕಿಂತ ಹೆಚ್ಚಾಗಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಇಂಚುಪಟ್ಟಿಯವರು ಅವಳ ತಲೆಯ ಮೇಲೆ ಕೈಯಿಡಲು ಹೋಗಿ, ಆ ಕೈಗೆ ಅಧಿಕಾರವಿಲ್ಲವೆನಿಸಿ ಹಿಂದಕ್ಕೆ ಎಳೆದುಕೊಂಡರು. ಅವಳು ಕಣ್ಣೊರೆಸಿಕೊಂಡು ದಾರದುಂಡೆ ಎತ್ತಿಕೊಂಡಳು. ಹೊಸ್ತಿಲಲ್ಲಿ ತಿರುಗಿ ನಿಂತಳು.

“ನಂಗೆ ಹೇಳಿದ್ದು ಸಾಕು. ಅವಳಿಗೆ ಸುಳ್ಳು ಅಂಟಿಸಿ ಕೊಡ್ಬೇಡ.”

ಉಳಿದ ನಾಲ್ಕು ದಿನ ಆ ಮನೆಯಲ್ಲಿ ಊಟ, ಚಹಾ ಎಲ್ಲ ಹೊತ್ತಿಗೆ ಸರಿಯಾಗಿ ನಡೆಯಿತು, ಮಾತು ಮಾತ್ರ ನಡೆಯಲಿಲ್ಲ. ಇಂಚುಪಟ್ಟಿಯವರು ‘ಇಲ್ಲಿ ಗೋಂದು’ ಎಂಬುದನ್ನು ರಬ್ಬರಿನಿಂದ ಉಜ್ಜಿ ಅಳಿಸಿದರು. ವ್ಯಾಗನ್ನುಗಳನ್ನು ನಿಜವಾಗಿ ನಿಂತಿದ್ದ ಕಡೆ, ದೂರದ ತುದಿಗೆ ಇಟ್ಟರು. ಗುಂಡುಪಿನ್ನುಗಳಲ್ಲಿ ಉಳಿದಿದ್ದ ಕೆಂಪು ದಾರದಲ್ಲಿ ಚೂರು ಕತ್ತರಿಸಿ ಬೆಂಕಿಕಡ್ಡಿಯ ಮನುಷ್ಯನ ಪಕ್ಕದಲ್ಲಿ ಬಾವುಟ ನೆಟ್ಟರು. ಪುಟ್ಟಿಗೆ ಮಾತು ಬಂದ ದಿನದಿಂದ ‘ಮಾಮ’ ಎಂದು ಕೂಗಿದ್ದೆಲ್ಲ ಕಿವಿಯಲ್ಲಿ ಕೇಳುತ್ತಿತ್ತು. ಭಾನುವಾರದ ನಂತರ ಆ ಕೂಗು ಇರುತ್ತದೋ ಇಲ್ಲವೋ. ಅದನ್ನು ಅಳೆಯುವ ಟೇಪು ಅವರ ಜೇಬಿನಲ್ಲಿರಲಿಲ್ಲ.

ಭಾನುವಾರ ಪುಟ್ಟಿ ಬಂದವಳೇ ಮಂಡಿಯೂರಿ, ಗಲ್ಲ ತಾಗಿಸಿ, ಒಂದು ಕಣ್ಣು ಮುಚ್ಚಿದಳು. ಅವಳ ಮುಖ ಅರಳಿತು.

“ಈಗ ಕಾಣ್ತಾರೆ ಮಾಮ! ಬಾವುಟಾನೂ ಕಾಣುತ್ತೆ. ಅಂದ್ರೆ ಆ ಗಾಡಿಗಳು ಇಲ್ದಿದ್ದ ದಿನ ನಿಂಗೆ ಚೆನ್ನಾಗಿ ಕಾಣ್ತಿದ್ರು, ಅಲ್ವಾ?”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

“ಆವತ್ತೂ ಗಾಡಿ ಇರ್ಲಿಲ್ಲ ಪುಟ್ಟಿ. ಆವತ್ತೂ ಹೀಗೇ ಕಾಣ್ತಿದ್ರು. ನಾನು ಎದ್ದು ನೋಡ್ಲಿಲ್ಲ.”

ಪುಟ್ಟಿ ತಲೆ ಎತ್ತಲಿಲ್ಲ. ಮುಚ್ಚಿದ ಕಣ್ಣು ಮುಚ್ಚಿಕೊಂಡೇ, ತೆರೆದದ್ದು ತೆರೆದುಕೊಂಡೇ, ಆ ಕಿಟಕಿಯಿಂದ ಅಪ್ಪನನ್ನು ನೋಡುತ್ತಲೇ ಇದ್ದಳು. ಅವಳ ದನಿ ಹಲಗೆಯ ಮಟ್ಟದಿಂದಲೇ ಬಂತು.

“ಎಲ್ಲಿ ಕೂತಿದ್ದೆ?”

“ಸ್ಟೂಲಿನ ಮೇಲೆ. ಬೂಟು ಕಚ್ಚಿತ್ತು.”

“ಸ್ಟೂಲಿಂದ ಕಿಟಕಿಗೆ ಎಷ್ಟು?”

“ನಾಲ್ಕು ಹೆಜ್ಜೆ.”

“ಅದನ್ನೂ ಹಾಕು” ಎಂದು ಹೇಳಿ ಎದ್ದಳು. ‘ಮಾಮ’ ಎನ್ನಲಿಲ್ಲ. ಚೀಲ ಎತ್ತಿಕೊಂಡು, ಹಿಂಬಾಗಿಲಲ್ಲಿ ತಲೆ ತಗ್ಗಿಸುವುದನ್ನು ಮರೆತು ಹಣೆ ಬಡಿಸಿಕೊಂಡು, ಉಜ್ಜಿಕೊಳ್ಳದೆ ಹೊರಟು ಹೋದಳು.

ಇಂಚುಪಟ್ಟಿಯವರು ಪೆನ್ಸಿಲ್ ಚೂಪು ಮಾಡಿದರು. ಕೋಣೆಯೊಳಗೆ ಸ್ಟೂಲಿಗೊಂದು ಚುಕ್ಕೆ ಹಾಕಿದರು, ಅಲ್ಲಿಂದ ಕಿಟಕಿಗೆ ಗೆರೆ ಎಳೆದರು. ಹತ್ತು ಅಡಿಗೆ ನಾಲ್ಕು ಸೆಂಟಿಮೀಟರ್. ಅದು ಅವರ ಹೆಬ್ಬೆರಳಿಗಿಂತ ಚಿಕ್ಕದಿತ್ತು.